ಬಲಮುರಿ ಹಡಗು

ಔರಾದಿಗೆ ಇವತ್ತಿನ ತನಕ ರೈಲು ಬಂದಿಲ್ಲ. ಹಡಗು ಮಾತ್ರ ಹೋದ ವರ್ಷವೇ ಬಂತು. ಅದೂ ಕೊರಿಯರ್‌ನಲ್ಲಿ, ರಟ್ಟಿನ ಡಬ್ಬಿಯಲ್ಲಿ, ಸಹಿ ಹಾಕಿಸಿಕೊಂಡು.

ತರಿಸಿದವರು ಸಂಜುಕುಮಾರ ಸಾವ್ಕಾರರು. ಉದ್ದು, ಹೆಸರು, ಸೋಯಾಗಳ ಅಡತಿ ಅಂಗಡಿ ಅವರದು. ಊರ ಹೊರಗೆ ಹೊಸ ಮನೆ ಕಟ್ಟಿಸಿದ್ದರು. ಆ ಮನೆಯ ಇಟ್ಟಿಗೆ ಇಟ್ಟಿಗೆಗೂ ಉದಗೀರದಿಂದ ಬರುವ ಒಬ್ಬ ವಾಸ್ತು ಗುರೂಜಿಯ ಅಪ್ಪಣೆ ಬೇಕಾಗಿತ್ತು. ಗುರೂಜಿ ಹೇಳಿದರೆಂದು ಬಚ್ಚಲ ಬಾಗಿಲನ್ನು ಎರಡು ಸಲ ಕಿತ್ತು ಬೇರೆ ಬೇರೆ ಗೋಡೆಗೆ ಕೂಡಿಸಿದ್ದರು. ಮನೆಮಂದಿ ಒಂದು ತಿಂಗಳು ಸ್ನಾನಕ್ಕೆ ನೆರೆಮನೆಗೆ ಹೋಗಿಬಂದರು. ಎಲ್ಲ ಮುಗಿಯಿತು ಅನ್ನುವಾಗ ಗುರೂಜಿ ಬೈಠಕ್ ಖೋಲಿಯ ನಡುವೆ ನಿಂತು, ಇಲ್ಲಿ ಒಂದು ಕಟ್ಟಿಗೆಯ ಹಡಗು ಬೇಕು, ಅದರ ಮೂತಿ ಮನೆಯ ಒಳಗೆ ನೋಡುತ್ತಿರಬೇಕು, ಲಕ್ಷ್ಮಿ ಬರುವುದು ಹಡಗಿನಲ್ಲೇ ಎಂದರು. ಲಕ್ಷ್ಮಿ ಎಲ್ಲರಂತೆ ಬಸ್ಸಿನಲ್ಲಿ ಯಾಕೆ ಬರಬಾರದು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಡಬ್ಬಿ ತೆರೆದರೆ ಒಳಗೆ ಹಡಗಿಲ್ಲ. ಏನೋ ಒಂದು ಹಂದರದ ತುಂಡುಗಳು, ಬೆರಳಗಲವೂ ಇಲ್ಲದ ಕಟ್ಟಿಗೆ ಪಟ್ಟಿಗಳ ಕಟ್ಟು, ದಾರದ ಉಂಡೆ, ಪರದೇಶದ ಭಾಷೆಯ ಒಂದು ಚಿತ್ರದ ಪುಸ್ತಕ. ಸಾವ್ಕಾರರು ಕೊರಿಯರ್‌ನವನ ಕೊರಳಪಟ್ಟಿ ಹಿಡಿದರು.

"ಒಡದ ತಂದು ಮ್ಯಾಲ ಸಹಿ ಬ್ಯಾರೆ ಕೇಳ್ತೀ?"

ಅವನು ಪಾಪ ಮೊಬೈಲು ತೆಗೆದು ತೋರಿಸಿದ. ಈ ಹಡಗು ಬರುವುದೇ ಹೀಗೆ, ಕೊಂಡವರೇ ಕೂತು ಒಂದೊಂದು ಪಟ್ಟಿಯನ್ನೂ ಅಂಟಿಸಬೇಕು, ಅದರಲ್ಲೇ ಮಜಾ ಇದೆ ಎಂದು ಅಲ್ಲಿ ಬರೆದಿತ್ತು. ಮಜಾ ಮಾಡಲು ಸಾವ್ಕಾರರಿಗೆ ಪುರುಸೊತ್ತಿರಲಿಲ್ಲ. ಡಬ್ಬಿ ಭಾಲ್ಕಿಗೆ ಹೋಯಿತು, ಮಡೆಪ್ಪ ಬಡಿಗೇರನ ಕಾರಖಾನೆಗೆ.

ಮಡೆಪ್ಪನಿಗೆ ಅರವತ್ತೆರಡು. ಭಾಲ್ಕಿಯಿಂದ ಭಾತಂಬ್ರಾದ ತನಕ ಹಳೆಯ ಮನೆಗಳಲ್ಲಿ ನೆಟ್ಟಗೆ ನಿಂತ ಬಾಗಿಲುಗಳೆಲ್ಲ ತನ್ನವು, ಸೊಟ್ಟ ನಿಂತವು ಬೇರೆಯವರವು ಎಂದು ಅವನು ಹೇಳುತ್ತಿದ್ದ. ಅದರಲ್ಲಿ ಸುಳ್ಳು ಬಹಳ ಇರಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದನೆಂದರೆ ಕೂದಲೆಳೆಯಷ್ಟು ಓರೆಯೂ ಸಿಕ್ಕಿಬೀಳುತ್ತಿತ್ತು. ಆ ಕಣ್ಣಿನಿಂದ ಅವನಿಗೆ ಸುಖವೇನೂ ಆಗಿರಲಿಲ್ಲ. ಮಗಳು ಸಿದ್ದೇಶ್ವರಿಯ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅವನು ಹಂದರದ ಕಂಬವೊಂದನ್ನು ಅಲುಗಾಡಿಸಿ ಸರಿಮಾಡುತ್ತಿದ್ದ. ಫೋಟೋದಲ್ಲಿ ಹುಡುಗಿಯ ತಂದೆಯ ಜಾಗದಲ್ಲಿ ಅವಳ ಸೋದರಮಾವ ನಿಂತಿದ್ದಾನೆ.

ಆ ಮದುವೆಯಿಂದ ಬಂದ ಅಳಿಯ ಶಿವಕಾಂತ, ಬೀದರದಲ್ಲಿ ಬಾಗಿಲುಗಳ ವ್ಯಾಪಾರಿಯೇ. ಅವನ ಬಾಗಿಲುಗಳು ಫ್ಯಾಕ್ಟರಿಯಿಂದ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಲಾರಿಯಲ್ಲಿ ಬರುತ್ತಿದ್ದವು. ಮಾವ ಅವನ್ನು ರಟ್ಟಿನ ಬಾಗಿಲು ಅನ್ನುತ್ತಿದ್ದ, ಜನ ಅವನ್ನೇ ಕೊಳ್ಳುತ್ತಿದ್ದರು. ಎರಡು ವರ್ಷದಿಂದ ಮಡೆಪ್ಪನ ಕಾರಖಾನೆಗೆ ಒಂದು ಚೌಕಟ್ಟಿನ ಕೆಲಸವೂ ಬಂದಿರಲಿಲ್ಲ. ಬಂದದ್ದೆಂದರೆ ಹೊರಸಿನ ಕಾಲು, ಲಟ್ಟಣಿಗೆ, ಒಂದು ಸಲ ಮುರಿದ ಕ್ರಿಕೆಟ್ ಬ್ಯಾಟು. ಶಿವಕಾಂತ ಬಹಳ ಮರ್ಯಾದೆಯಿಂದಲೇ ಮಾತು ತೆಗೆದ.

"ಮಾವಾರ, ನಿಮ್ಮ ಕಾರಖಾನಿ ಬಸ್‌ಸ್ಟ್ಯಾಂಡಿಗಿ ಸಮೀಪ ಅದರಿ. ನನಗ ಭಾಲ್ಕ್ಯಾಗ ಒಂದು ಗೋದಾಮ ಬೇಕಾಗ್ಯದ. ನೀವರೆ ಇನ್ನ ಎಷ್ಟ ದಿನಾ ಧೂಳಾಗ ಕೂಡ್ತೀರಿ? ಮನ್ಯಾಗ ಆರಾಮ ಇರ್ರಿ."

"ಆರಾಮ ಇರ್ಲಾಕ ನನಗೇನ ಜಡ್ಡ ಬಂದದೇನ್ರಿ, ಅಳಿಯಾವ್ರ?"

ಹೆಂಡತಿ ಕಾಂತಾಬಾಯಿ ಅಳಿಯನ ಕಡೆಗೇ ಇದ್ದಳು. ದಿನವೆಲ್ಲ ಖಾಲಿ ಕಾರಖಾನೆಯಲ್ಲಿ ಕೂತು ಸಂಜೆ ಮನೆಗೆ ಬಂದು, ಕಪಾಟು ಓರೆ, ಕ್ಯಾಲೆಂಡರು ಓರೆ, ನೀನು ಲಟ್ಟಿಸಿದ ಚಪಾತಿ ಓರೆ ಅನ್ನುವ ಗಂಡನಿಂದ ಅವಳಿಗೆ ಸಾಕಾಗಿತ್ತು. ಅಷ್ಟರಲ್ಲಿ ಔರಾದದ ಡಬ್ಬಿ ಬಂತು. ಮಡೆಪ್ಪ ಹೆಂಡತಿ, ಮಗಳು, ಅಳಿಯ ಮೂವರನ್ನೂ ಕೂಡಿಸಿ ಘೋಷಣೆ ಮಾಡಿದ.

"ಈ ಹಡಗ ಮಾಡ್ತೇನಿ. ಔರಾದ ಸಾವ್ಕಾರ ಒಪ್ಪಿ ಇಟ್ಕೊಂಡ್ರ ಕಾರಖಾನಿ ನಾ ಸಾಯೂ ತನಾ ನಂದು, ಮತ್ಯಾರೂ ಸೊಲ್ಲ ಎತ್ತಬಾರದು. ಹೊಳ್ಳಿ ಕಳಿಸಿದ್ರ ಕೀಲಿ ಅಳಿಯಾವ್ರ ಕೈಯಾಗ."

ಶಿವಕಾಂತ ಕೂಡಲೇ ಒಪ್ಪಿದ. ಹಡಗು ತಿರುಗಿ ಬರುವುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

"ಹಡಗ ಮಾಡ್ತೀರಿ ಸರಿ," ಅಂದಳು ಕಾಂತಾಬಾಯಿ. "ಕಾರಂಜಾ ಡ್ಯಾಮಿನ್ಯಾಗ ಮೀನ ಹಿಡಿಯಾವ್ರ ತೆಪ್ಪ ಬಿಟ್ರ ನೀವು ನೀರ ಮ್ಯಾಲ ಏನ್ ನೋಡೀರಿ?"

"ಇದನ್ನೇನ ನೀರಿಗಿ ಬಿಡೂದದೇನ? ಸಾವ್ಕಾರನ ಗಾಜಿನ ಪೆಟಗ್ಯಾಗ ಇಡೂದು. ಅಲ್ಲಿ ಮುಳಗಂಗಿಲ್ಲ."

ಕೆಲಸ ಸುರುವಾಯಿತು. ಚಿತ್ರದ ಪುಸ್ತಕವನ್ನು ಮಡೆಪ್ಪ ಮೊದಲ ದಿನವೇ ಸರಿಯಾದ ಉಪಯೋಗಕ್ಕೆ ಹಚ್ಚಿದ. ಕೆಲಸದ ಮೇಜಿನ ಒಂದು ಕಾಲು ಗಿಡ್ಡಾಗಿತ್ತು, ಅದರ ಕೆಳಗೆ ಕೊಟ್ಟ. ನಾಲ್ಕು ತಲೆಮಾರಿನ ಬಡಿಗ ಪುಸ್ತಕ ನೋಡಿ ಕಟ್ಟಿಗೆ ಕೂಡಿಸಿದರೆ ತಲೆಮಾರುಗಳು ಯಾಕೆ ಬೇಕು? ಹಂದರ ಕೂಡಿಸುವುದು ಅವನಿಗೆ ಕಷ್ಟವಾಗಲಿಲ್ಲ. ನಡುವೆ ಉದ್ದಕ್ಕೆ ಒಂದು ಬೆನ್ನೆಲುಬಿನ ಹಲಗೆ, ಅದಕ್ಕೆ ಅಡ್ಡಡ್ಡ ಹನ್ನೊಂದು ಪಕ್ಕೆಲುಬು. ಹೊಸ ನಮೂನೆ ಯಾವುದು ಬಂದರೂ ಅದರ ಅಚ್ಚು ತೆಗೆದಿಡುವುದು ಮನೆತನದ ಚಾಳಿಯಾದ್ದರಿಂದ ಪ್ರತಿಯೊಂದು ತುಂಡನ್ನೂ ಮೊದಲು ಪ್ಲೈವುಡ್ಡಿನ ಮೇಲೆ ಇಟ್ಟು ಗೆರೆ ಎಳೆದುಕೊಂಡ. ಆಮೇಲೆ ಅಂಟಿಸಿ, ಒಂದು ಕಣ್ಣು ಮುಚ್ಚಿ ನೋಡಿ, ನೆಟ್ಟಗಿದೆ ಎಂದು ಬೀಡಿ ಹಚ್ಚಿದ.

ನಿಜವಾದ ಕೆಲಸ ಆ ಪಕ್ಕೆಲುಬುಗಳ ಮೇಲೆ ಪಟ್ಟಿ ಹೊದಿಸುವುದು. ಹಡಗಿಗೆ ಅದೇ ಚರ್ಮ. ಹಡಗಿನ ಹೊಟ್ಟೆ ದಪ್ಪ, ಮೂತಿ ಸಣ್ಣ. ಪಟ್ಟಿಗಳ ತುದಿಯನ್ನು ಮೂತಿಯ ಕಡೆ ಸಣ್ಣಗೆ ಹೆರೆಯದಿದ್ದರೆ ಒಂದರ ಮೇಲೊಂದು ಏರಿ ಕೂಡುತ್ತವೆ. ಇದನ್ನು ಯಾರೂ ಹೇಳಿಕೊಡದೆ ಅರ್ಧ ದಿನದಲ್ಲಿ ತಿಳಿದುಕೊಂಡ ಮಡೆಪ್ಪ ತನ್ನನ್ನು ತಾನೇ ಮೆಚ್ಚಿಕೊಂಡ. ಕಾಂತಾಬಾಯಿಯ ಬೇಳೆಯ ಪಾತೇಲಿಯಲ್ಲಿ ಪಟ್ಟಿಗಳನ್ನು ಬಿಸಿನೀರಿಗೆ ನೆನೆಹಾಕಿ, ಕುದಿನೀರು ತುಂಬಿದ ತಾಮ್ರದ ತಂಬಿಗೆಯ ಹೊಟ್ಟೆಗೆ ಒತ್ತಿ ಬಾಗಿಸಿ, ಅಂಟು ಸವರಿ ಹಚ್ಚಿದ. ಒಣಗುವ ತನಕ ಹಿಡಿದಿರಲು ತಂತಿಯ ಮೇಲಿನ ಬಟ್ಟೆ ಕ್ಲಿಪ್ಪುಗಳೆಲ್ಲ ಕಾರಖಾನೆಗೆ ಹೋದವು. ಕಾಂತಾಬಾಯಿಯ ಸೀರೆ ಎರಡು ಸಲ ಗಾಳಿಗೆ ಹಾರಿ ನೆರೆಮನೆಯ ಹಿತ್ತಿಲು ಸೇರಿತು.

ಇಲ್ಲಿ ಮಡೆಪ್ಪನ ಮನೆತನದ ಪದ್ಧತಿಯೊಂದನ್ನು ಹೇಳಬೇಕು. ಅವನಪ್ಪ, ಅಜ್ಜ, ಮುತ್ತಜ್ಜ ಬಾಗಿಲು ಮಾಡುತ್ತಿದ್ದದ್ದು ಹೀಗೆ: ಮೊದಲು ಚೌಕಟ್ಟಿನ ಬಲಗಡೆಯ ತೋಳು, ಅದರ ಹೂವು ಬಳ್ಳಿ ಗಿಳಿ ಎಲ್ಲವನ್ನೂ ಪೂರ್ತಿ ಮುಗಿಸುವುದು; ಅದಕ್ಕೆ ಕಾಯಿ ಒಡೆದು ಕುಂಕುಮ ಹಚ್ಚುವುದು; ಆಮೇಲೆಯೇ ಎಡಗಡೆಗೆ ಉಳಿ ಮುಟ್ಟಿಸುವುದು. ಬಲ ಅರ್ಧ ಇರುವಾಗ ಎಡಕ್ಕೆ ಕೈ ಹಾಕಿದರೆ ಆ ಮನೆಯ ಶುಭಕಾರ್ಯ ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕು ತಲೆಮಾರು ಇದನ್ನು ಮೀರಿರಲಿಲ್ಲ. ಹಡಗಿಗೂ ಬಲ ಎಡ ಇದೆಯಲ್ಲ? ಮಡೆಪ್ಪ ಬಲಗಡೆಯ ಇಪ್ಪತ್ತೆರಡು ಪಟ್ಟಿಗಳನ್ನೂ ಹದಿನೈದು ದಿನದಲ್ಲಿ ಹೊದಿಸಿ, ರಂದಾ ಹೊಡೆದು ನುಣುಪು ಮಾಡಿ, ಕೈಯಿಂದ ಸವರಿ, ಒಂದು ಸೋಮವಾರ ಕಾಯಿ ಒಡೆದ.

ಮಂಗಳವಾರ ಬೆಳಿಗ್ಗೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದ. ಹಡಗಿನ ಮೂತಿ ಬಲಕ್ಕೆ ಹೊಳ್ಳಿತ್ತು. ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಆಗಲೂ ಬಲಕ್ಕೇ ಇತ್ತು. ಅಷ್ಟು ಉದ್ದದ ಬೆನ್ನೆಲುಬು, ಯಾರೋ ಕರೆದರೆಂದು ಕತ್ತು ತಿರುಗಿಸಿದ ಎಮ್ಮೆಯಂತೆ ಓರೆಯಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಡೆಪ್ಪನಿಗೆ ಆ ದಿನ ಡೊಂಕಾಗಿ ಕಂಡ ನೆಲಗಳಿಗೆ ಲೆಕ್ಕವಿಲ್ಲ. ಪರದೇಶದ ಕಟ್ಟಿಗೆ, ಅದಕ್ಕೆ ಭಾಲ್ಕಿಯ ಬಿಸಿಲು ಗೊತ್ತಿಲ್ಲ. ಬೋರಿನ ನೀರು ಸವಳು. ಪಾತೇಲಿಗೆ ಬೇಳೆಯ ಜಿಗಟು ಇತ್ತು, ಕಾಂತಾಬಾಯಿ ಸರಿಯಾಗಿ ತಿಕ್ಕಿರಲಿಲ್ಲ. ಎಡಗಡೆಯ ಪಟ್ಟಿ ಹೊದಿಸಿದರೆ ತಾನೇ ಜಗ್ಗಿ ನೆಟ್ಟಗಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಅದನ್ನೂ ಹದಿನೈದು ದಿನ ಹೊದಿಸಿದ. ಆದರೆ ಬಲಗಡೆ ಆಗಲೇ ಒಣಗಿ ಕಲ್ಲಾಗಿ ಕೂತಿತ್ತು, ಒಂದು ಕೂದಲೆಳೆಯೂ ಬಿಟ್ಟುಕೊಡಲಿಲ್ಲ. ಹಡಗು ಪೂರ್ತಿಯಾಯಿತು, ಪೂರ್ತಿ ಸೊಟ್ಟಾಯಿತು. ಮಡೆಪ್ಪ ಅದರ ಮೇಲೆ ಗೋಣಿಚೀಲ ಹೊಚ್ಚಿ, ಹೆಂಡತಿಗೆ ಬಣ್ಣ ಒಣಗುತ್ತಿದೆ ಅಂದ. ಬಣ್ಣ ಇನ್ನೂ ತಂದೇ ಇರಲಿಲ್ಲ.

ಹಸಿವು ಸತ್ತುಹೋಯಿತು ಅವನಿಗೆ. ಕಾರಖಾನೆ ಹೋಗುತ್ತದೆ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು, ತನ್ನ ಕೈಯಿಂದ ಓರೆಯ ವಸ್ತುವೊಂದು ಹುಟ್ಟಿದೆ, ಯಾಕೆ ಎಂದು ತನಗೇ ತಿಳಿಯುತ್ತಿಲ್ಲ ಎಂಬ ನಾಚಿಕೆ. ಅದನ್ನು ಮುಖವೆತ್ತಿ ತೋರಿಸಬಹುದಾದ ಒಬ್ಬನೇ ಮನುಷ್ಯ ಬೀದರದ ಚಿದ್ರಿಯಲ್ಲಿದ್ದ. ಅವನು ಬಾಬುಮಿಯಾ, ನಾಲ್ಕನೆಯ ಇಯತ್ತೆಯಲ್ಲಿ ಮಡೆಪ್ಪನ ಜೊತೆಗೇ ನಪಾಸಾದವನು. ಮಳೆಗಾಲದಲ್ಲಿ ಛತ್ರಿ ರಿಪೇರಿ, ಸಂಕ್ರಾಂತಿಗೆ ಪತಂಗ, ನಡುವೆ ಏನೂ ಇಲ್ಲ. ಒಟ್ಟಿಗೆ ನಪಾಸಾದವರ ಮುಂದೆ ಮನುಷ್ಯನಿಗೆ ನಾಚಿಕೆ ಕಡಿಮೆ. ಮಡೆಪ್ಪ ಹಡಗನ್ನು ಚೀಲದಲ್ಲಿ ಸುತ್ತಿಕೊಂಡು ಬೀದರದ ಬಸ್ಸು ಹತ್ತಿದ.

ಬಾಬುಮಿಯಾ ಕರಿ ಛತ್ರಿಯೊಂದನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೂತಿದ್ದ. ಚೀಲ ಸರಿಸಿ ಹಡಗನ್ನು ಒಂದು ಸಲ ಮೇಲಿಂದ, ಒಂದು ಸಲ ಕೆಳಗಿನಿಂದ ನೋಡಿದ.

"ಅರೇ ಭಾಯ್, ಒಂದ ಬಾಜೂ ಪೂರಾ ಮುಗಿಸಿ ಆಮ್ಯಾಲ ಇನ್ನೊಂದಕ್ಕ ಕೈ ಹಚ್ಚೀದಿ, ಹೌದಿಲ್ಲೋ?"

"ನಿನಗ್ಯಾರ ಹೇಳಿದ್ರು?"

"ಯಾರ ಹೇಳ್ಬೇಕು? ಐವತ್ತ ವರ್ಷ ಛತ್ರಿಗಿ ಬಟ್ಟಿ ಕಟ್ಟೇನಿ. ನೋಡಿಲ್ಲಿ." ಅವನು ಛತ್ರಿಯ ಒಂದು ಕಡ್ಡಿಗೆ ಬಟ್ಟೆ ಕಟ್ಟಿ, ಪಕ್ಕದ ಕಡ್ಡಿ ಬಿಟ್ಟು ಎದುರಿನದಕ್ಕೆ ಕಟ್ಟಿದ. "ಒಂದ ಇಲ್ಲಿ, ಅದರ ಎದುರಿಂದು ಅಲ್ಲಿ. ಸಾಲಾಗಿ ಒಂದ ಕಡಿಂದ ಕಟ್ಕೋತ ಹೋದ್ರ ಛತ್ರಿ ಮೂತಿ ತಿರುವಿ ಕೂಡ್ತದ. ಹಸೀ ಪಟ್ಟಿ ಒಣಗೂ ಮುಂದ ಜಗ್ತದಪಾ. ಆಕಡಿಂದ ಜಗ್ಗಾವ್ರ ಯಾರೂ ಇಲ್ಲಾಂದ್ರ ಹೊಳ್ಳಲಾರ್ದ ಏನ್ ಮಾಡ್ತದ?"

"ನಮ್ಮ ಅಪ್ಪ, ಅಜ್ಜ ಎಲ್ಲಾರೂ ಬಲಗಡಿ ಮುಗಿಸೇ ಎಡಗಡಿ ಮುಟ್ಯಾರ. ಒಂದ ದಿನಾ ಸೊಟ್ಟ ಆಗಿಲ್ಲ."

"ನಿಮ್ಮಜ್ಜ ಎಷ್ಟ ಹಡಗ ಮಾಡ್ಯಾನ?"

ಮಡೆಪ್ಪ ಹಡಗಿನ ಮೇಲೆ ಚೀಲ ಎಳೆದ.

"ನಾಕ ಇಂಚಿನ ಸಾಗವಾನಿ ತೋಳ ಯಾರ ಜಗ್ಗಿದ್ರೂ ಬರಂಗಿಲ್ಲ," ಅಂದ ಬಾಬುಮಿಯಾ, ಈಗ ಸ್ವಲ್ಪ ಮೆತ್ತಗೆ. "ಇದು ಎಳೀ ಎಲುಬ. ಮಾಡೂದಾದ್ರ ಬಲಕ್ಕೊಂದು, ಎ‍ಡಕ್ಕೊಂದು, ಕೂಡೇ. ಚಹಾ ಕುಡಿ."

ನಾಲ್ಕು ತಲೆಮಾರಿನ ವಿದ್ಯೆಯ ತಪ್ಪನ್ನು ಛತ್ರಿ ರಿಪೇರಿಯವನು ಎರಡು ಗಂಟು ಹಾಕಿ ತೋರಿಸಿಬಿಟ್ಟಿದ್ದ. ಭಾಲ್ಕಿಗೆ ಬಂದು ಮೇಜಿನ ಕಾಲಡಿಯ ಪುಸ್ತಕ ಎಳೆದು ನೋಡಿದರೆ ಎರಡನೆಯ ಪುಟದಲ್ಲೇ ಚಿತ್ರ: ಬಲಕ್ಕೊಂದು ಬಾಣ, ಎಡಕ್ಕೊಂದು ಬಾಣ, ನಡುವೆ ಜೋಡಿ ಪಟ್ಟಿ. ಅಂಗನವಾಡಿಯ ಮಗುವಿಗೂ ತಿಳಿಯುವಂತಿತ್ತು. ಮಡೆಪ್ಪ ಪುಸ್ತಕ ಮಡಚಿ, ಅದನ್ನು ಬೈದ. ಬಾಯಿಲ್ಲದ ಪುಸ್ತಕ ಬೈಸಿಕೊಂಡಿತು.

ಆದರೆ ಮಡೆಪ್ಪ ಬರಿ ಜಂಬದ ಮನುಷ್ಯನಾಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಮರುದಿನ ಅವನು ಅಟ್ಟದ ಮೇಲಿನಿಂದ ಒಂದು ಸಾಗವಾನಿ ಹಲಗೆ ಇಳಿಸಿದ. ಯಾವುದೋ ದೊಡ್ಡ ಮನೆಯ ಮಹಾಬಾಗಿಲಿಗೆಂದು ಹತ್ತು ವರ್ಷದಿಂದ ಎತ್ತಿಟ್ಟದ್ದು. ಆ ದೊಡ್ಡ ಮನೆ ಇನ್ನೂ ಬಂದಿರಲಿಲ್ಲ. ಅದನ್ನು ಕಡ್ಡಿಪೆಟ್ಟಿಗೆಯ ಗೀರುಪಟ್ಟಿಯಷ್ಟು ತೆಳ್ಳಗೆ ಸೀಳಿದ. ತೆಗೆದಿಟ್ಟ ಅಚ್ಚಿನ ಮೇಲೆ ಹೊಸ ಬೆನ್ನೆಲುಬು, ಹೊಸ ಪಕ್ಕೆಲುಬು ಕೊಯ್ದ. ಜೋಡಿ ಪಟ್ಟಿಗಳನ್ನು ಎರಡೂ ಕಡೆ ಒಟ್ಟಿಗೆ ಕೂಡಿಸಲು ಎರಡು ಕೈ ಸಾಲಲಿಲ್ಲ. ನಾಲ್ಕು ಬೇಕಾಗಿತ್ತು. ಕಾಂತಾಬಾಯಿಯನ್ನು ಕರೆದ.

ಅವಳು ಕಾರಖಾನೆಗೆ ಬಂದು ಹಳೆಯ ಹಡಗನ್ನೂ ಹೊಸ ಹಂದರವನ್ನೂ ನೋಡಿದಳು. ಏನಾಗಿದೆ ಎಂದು ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

"ಸೊಟ್ಟ ಆಗ್ಯದ," ಅಂದಳು.

"ಹೂಂ."

"ನಿಮ್ಮ ಕೈಲೆ?"

"ಮತ್ಯಾರ ಕೈಲೆ? ಎಡಗಡಿ ಹಿಡಿ."

ಅವಳು ಮರುಮಾತಾಡದೆ ಹಿಡಿದಳು. ಇದು ಅವಳ ದೊಡ್ಡಗುಣವೆಂದು ಯಾರೂ ತಿಳಿಯಬಾರದು. ಸೇರಿಸಿಟ್ಟು ಮುಂದೆ ಹತ್ತು ವರ್ಷ ಆಡಲು ಮಾತು ಸಿಕ್ಕಿತ್ತು ಅವಳಿಗೆ. ಅವನು ಬಲಕ್ಕೆ, ಅವಳು ಎಡಕ್ಕೆ, ಬಿಸಿ ಪಟ್ಟಿಯನ್ನು ಒಂದೇ ಸಲ ಮೂತಿಯಿಂದ ಹಿಂದಕ್ಕೆ ಒತ್ತಿಕೊಂಡು ಹೋಗುತ್ತಿದ್ದರು. ದಿನಕ್ಕೆ ಒಂದು ಜೋಡಿ, ಹೆಚ್ಚೆಂದರೆ ಎರಡು. ಒಣಗಿದ ಮೇಲೆ ಮಡೆಪ್ಪ ಒಂದು ಕಣ್ಣು ಮುಚ್ಚಿ ನೋಡುವನು. ನೆಟ್ಟಗೆ. ಮರುದಿನವೂ ನೆಟ್ಟಗೆ. ಇಪ್ಪತ್ತೆರಡನೆಯ ಜೋಡಿ ಬೆನ್ನೆಲುಬಿನ ಅಡಿಗೆ ಬಂದು ಕೂತಾಗ ಪಟ್ಟಿಗೂ ಪಟ್ಟಿಗೂ ನಡುವೆ ಉಗುರು ಸಿಗುತ್ತಿರಲಿಲ್ಲ. ತನ್ನ ಜೀವಮಾನದಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡಿಲ್ಲ ಎಂದು ಮಡೆಪ್ಪನಿಗೆ ಅನ್ನಿಸಿತು. ಅನ್ನಿಸಿದ್ದು ನಿಜವೇ ಆಗಿತ್ತು, ಅಪರೂಪಕ್ಕೆ.

ಗೃಹಪ್ರವೇಶದ ದಿನ ಬಂತು. ಸೊಟ್ಟದ್ದು ಸಾವ್ಕಾರರ ಸಾಮಾನಿನಲ್ಲಿ ಮಾಡಿದ್ದು, ಅದನ್ನು ಮುಚ್ಚಿಡಲು ಬರುವುದಿಲ್ಲ. ಎರಡನ್ನೂ ಒಯ್ಯುವುದು, ನಿಮ್ಮದು ನನ್ನ ಕೈಯಿಂದ ಕೆಟ್ಟಿತು, ಅದಕ್ಕೆ ಬದಲು ನನ್ನ ಕಟ್ಟಿಗೆಯದು ಇದು ಎಂದು ಹೇಳುವುದು. ಇಷ್ಟು ಮಾತನ್ನು ಮಡೆಪ್ಪ ಎರಡು ದಿನ ಬಾಯಿಪಾಠ ಮಾಡಿದ. ಒಯ್ಯಲು ಅಳಿಯನ ಚಿಕ್ಕ ಗಾಡಿ ಬಂತು, ಊರಲ್ಲೆಲ್ಲ ಛೋಟಾ ಹಾಥಿ ಅನ್ನುತ್ತಾರಲ್ಲ, ಅದು. ಶಿವಕಾಂತ ಸೊಟ್ಟ ಹಡಗನ್ನು ಒಮ್ಮೆ, ಮಾವನ ಮುಖವನ್ನು ಒಮ್ಮೆ ನೋಡಿ, ದಾರಿಯುದ್ದಕ್ಕೂ ಬಹಳ ಮರ್ಯಾದೆಯಿಂದ ಗಾಡಿ ಹೊಡೆದ. ಗೋದಾಮಿಗೆ ಯಾವ ಬಣ್ಣ ಬಳಿಸಬೇಕು ಎಂದು ಯೋಚಿಸುತ್ತಿದ್ದನೆಂದು ಕಾಣುತ್ತದೆ.

ಸಾವ್ಕಾರರ ಬೈಠಕ್ ಖೋಲಿಯಲ್ಲಿ ನೆಂಟರು ತುಂಬಿದ್ದರು. ನಡುವೆ ಗುರೂಜಿ. ಮಡೆಪ್ಪ ಎರಡೂ ಹಡಗನ್ನು ಮೇಜಿನ ಮೇಲೆ ಇಟ್ಟು, ಪೇಟ ತೆಗೆದು, ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ.

"ಸಾವ್ಕಾರ್ರ, ಇದು ನಿಮ್ಮದು, ಸೊಟ್ಟ ಆಗ್ಯದ. ತಪ್ಪ ನಂದೇ ಅದ, ಕಟ್ಟಿಗಿದಲ್ಲ. ಒಂದ ಬಾಜೂ ಮೊದಲ ಹೊಚ್ಚಿದ್ದಕ್ಕ ಜಗ್ಗಿ ಹೊಳ್ಯದ. ಅದಕ್ಕ ನನ್ನ ಸಾಗವಾನೀಲೆ ಇನ್ನೊಂದ ಮಾಡೀನಿ. ಇದು ನೆಟ್ಟಗದ. ಇದನ್ನ ಇಟ್ಕೋರಿ."

ಸಾವ್ಕಾರರ ಮುಖ ಇಳಿಯಿತು. ಗುರೂಜಿಯ ಕಡೆ ನೋಡಿದರು. ಗುರೂಜಿ ಎದ್ದು ಮೊಬೈಲಿನಲ್ಲಿ ದಿಕ್ಕು ತೋರಿಸುವ ಯಂತ್ರ ತೆಗೆದರು. ಸೊಟ್ಟ ಹಡಗಿನ ಹಿಂದೆ ನಿಂತು, ಮಡೆಪ್ಪನಂತೆಯೇ ಒಂದು ಕಣ್ಣು ಮುಚ್ಚಿದರು. ಮುಂಬಾಗಿಲು ನೋಡಿದರು, ಹಿಂಬಾಗಿಲು ನೋಡಿದರು. ಆಮೇಲೆ ಎರಡೂ ಕೈ ಎತ್ತಿ ಹಡಗಿಗೆ ನಮಸ್ಕಾರ ಮಾಡಿದರು.

"ಅಹೋ ಸಾವ್ಕಾರ್ರ, ನಿಮ್ಮ ಪುಣ್ಯ ದೊಡ್ಡದದ. ನೆಟ್ಟನ್ನ ಹಡಗ ಏನ್ ಮಾಡ್ತದ? ಮುಂದಿನ ಬಾಗಲದಿಂದ ಬಂದು ಹಿಂದಿನ ಬಾಗಲದಿಂದ ಹೊರಗ. ಲಕ್ಷ್ಮೀನೂ ಹೊರಗ. ಇದು ನೋಡ್ರಿ, ಒಳಗ ಬಂದು ಬಲಕ್ಕ ಹೊಳ್ಳಿ ಸೀದಾ ತಿಜೋರಿ ಖೋಲಿಗಿ! ಬಲಮುರಿ ಶಂಖ ಲಕ್ಷಕ್ಕೊಂದು ಸಿಗ್ತದ. ಬಲಮುರಿ ಹಡಗ ನಾ ಇದೇ ಮೊದಲ ನೋಡ್ಲತ್ತೀನಿ."

ತಿಜೋರಿಯನ್ನು ಬಲಗಡೆಯ ಖೋಲಿಗೆ ಸರಿಸಿದವರೂ ಗುರೂಜಿಯೇ. ಅದನ್ನು ಆ ಹೊತ್ತಿನಲ್ಲಿ ಯಾರೂ ನೆನೆಯಲಿಲ್ಲ. ನೆಂಟರೆಲ್ಲ ಎದ್ದು ನಿಂತು, ಕುತ್ತಿಗೆ ಓರೆ ಮಾಡಿ, ಹೌದು ಹೌದು, ಸೀದಾ ತಿಜೋರಿಗೇ ಎಂದರು.

"ಇಲ್ರಿ," ಅಂದ ಮಡೆಪ್ಪ. "ಬಲಮುರೀನೂ ಅಲ್ಲ, ಏನೂ ಅಲ್ಲ. ಇದು ತಪ್ಪ ಕೆಲಸ. ನಾ ಮಾಡಿದಾಂವ ಹೇಳ್ಲತ್ತೀನಿ."

"ನೋಡ್ರಿ, ದೊಡ್ಡ ಕಾರಾಗೀರ ಅಂದ್ರ ಹಿಂಗ ಇರ್ಬೇಕು," ಅಂದರು ಸಾವ್ಕಾರರು ನೆಂಟರಿಗೆ. "ಏನ್ ವಿನಯ!"

"ವಿನಯ ಅಲ್ರಿ, ಖರೇ ಹೇಳ್ಲತ್ತೀನಿ. ಮೂಲಿ ನೋಡೂ ಗುನಿಯಾ ತರ್ರಿ, ದಾರ ಹಿಡೀರಿ, ನಾ ತೋರಸ್ತೀನಿ."

"ದಾರಕ್ಕೇನ ತಿಳೀತದ? ಭಗವಂತ ನಿಮ್ಮ ಕೈ ಹಿಡದು ಹೊಳ್ಳಿಸ್ಯಾನ," ಅಂದರು ಗುರೂಜಿ. "ನಿಮಗ ಗೊತ್ತಾಗಿಲ್ಲ, ಅಷ್ಟೇ."

ಅರವತ್ತೆರಡು ವರ್ಷ ಒಂದು ತಪ್ಪನ್ನೂ ಒಪ್ಪದ ಮನುಷ್ಯ ಮೊದಲ ಸಲ ಒಪ್ಪಿಕೊಂಡರೆ, ಅದನ್ನು ಕೊಳ್ಳುವ ಗಿರಾಕಿಯೇ ಇಲ್ಲ. ಅವನ ಹೆಗಲಿಗೆ ಶಾಲು ಬಿತ್ತು, ಕೈಗೆ ತೆಂಗಿನಕಾಯಿ ಬಂತು, ಫೋಟೋ ಆಯಿತು. ನೆಟ್ಟಗಿನ ಹಡಗು ಮೇಜಿನ ಮೂಲೆಯಲ್ಲಿ ಒಬ್ಬಂಟಿ ನಿಂತಿತ್ತು. ಯಾರೋ ಅದರ ಪಕ್ಕದಲ್ಲಿ ಉಪ್ಪಿಟ್ಟಿನ ತಾಟು ಇಟ್ಟರು. ಅದನ್ನಾದರೂ ಇಟ್ಟುಕೊಳ್ಳಿ ಎಂದು ಮಡೆಪ್ಪ ಬೇಡಿದ. ಗುರೂಜಿ ನಾಲಿಗೆ ಕಚ್ಚಿಕೊಂಡರು. ಅದು ಮನೆಯಲ್ಲಿದ್ದರೆ ಬಂದ ಲಕ್ಷ್ಮಿ ಹಿಂಬಾಗಿಲು ಹಿಡಿಯುತ್ತಾಳೆ, ಸಂಜೆಯೊಳಗೆ ಹೊರಗೆ ಹೋಗಬೇಕು. ನಾಲ್ಕು ಕೈಯ ಕೆಲಸ, ಹತ್ತು ವರ್ಷದ ಸಾಗವಾನಿ, ಅಪಶಕುನವೆಂದು ಹೊರಗೆ ಬಂತು.

ಹೊಳ್ಳಿ ಬರುವಾಗ ಹಡಗು ಅವನ ತೊಡೆಯ ಮೇಲಿತ್ತು. ಶಿವಕಾಂತ ಬೇರೆಯೇ ಮನುಷ್ಯನಾಗಿದ್ದ. ಮೊಬೈಲು ಐದು ಸಲ ಹೊಡೆದುಕೊಂಡಿತು; ಐದೂ ಸಲ ಸಾವ್ಕಾರರ ನೆಂಟರೇ.

"ಮಾವಾರ, ಗೆದ್ರಿ ನೀವು! ಕಾರಖಾನಿ ನಿಮ್ಮದೇ. ಗೋದಾಮ ನಾ ಬ್ಯಾರೆ ಕಡಿ ನೋಡ್ತೇನಿ. ಇವರಿಗೆಲ್ಲಾ ಬಲಮುರಿ ಹಡಗ ಬೇಕಂತ. ಉದಗೀರದಾಗ ಎರಡ, ಬೀದರದಾಗ ಮೂರ. ಗುರೂಜಿ ಎಲ್ಲಾರಿಗೂ ಹೇಳ್ಲತ್ತಾರ. ಬೋರ್ಡ ನಾ ಬರಿಸ್ತೇನಿ. ನೀವು ಮೊದಲಿನಂಗ ಒಂದ ಬಾಜೂ ಪೂರಾ ಹೊಚ್ಚಿಬಿಡ್ರಿ, ಆಯ್ತು. ತಾನೇ ಹೊಳ್ತದ."

"ಗೊತ್ತಿದ್ದು ಸೊಟ್ಟ ಮಾಡ್ಲ್ಯಾ?"

"ಗೊತ್ತಿಲ್ಲಾರದ ಮಾಡೀರಲ್ರಿ, ಗೊತ್ತಿದ್ದ ಮಾಡ್ಲಾಕ ಇನ್ನಾ ಸಸಾರ!"

ಭಾಲ್ಕಿ ಬಂತು. ಮಡೆಪ್ಪ ಕಾರಖಾನೆಯ ಮುಂದೆ ಇಳಿದು, ಉಡಿದಾರದಿಂದ ಕೀಲಿ ಬಿಚ್ಚಿ, ಗಾಡಿಯ ಕಿಟಕಿಯಿಂದ ಅಳಿಯನ ಕೈಗೆ ಕೊಟ್ಟ.

"ನಾಳಿ ನಿಮ್ಮ ಬಾಗಲಾ ತಂದ ಇಳಸ್ರಿ."

"ಯಾಕ್ರಿ ಮಾವಾರ? ಸಾವ್ಕಾರ ಒಪ್ಪ್ಯಾರಲ್ರಿ!"

"ಅದಕ್ಕೇ."

ಶಿವಕಾಂತ ಮಾವನಿಗೆ ಬಿಸಿಲು ಹತ್ತಿದೆ ಎಂದುಕೊಂಡ. ಮಗಳು ಫೋನು ಮಾಡಿ ಅತ್ತಳು, ಸಾವ್ಕಾರರು ಸ್ವತಃ ಮಾತಾಡಿದರು. ಮಡೆಪ್ಪ ಜಗ್ಗಲಿಲ್ಲ. ಕಾಂತಾಬಾಯಿ ಮಾತ್ರ ಯಾಕೆ ಎಂದು ಕೇಳಲಿಲ್ಲ. ಸಾಗವಾನಿಯ ಹಡಗನ್ನು ಟಿವಿಯ ಮುಂದೆ ಇಡಲು ಜಾಗ ಮಾಡಿ, ಧಾರಾವಾಹಿಯ ಕೆಳಗೆ ಬರುವ ಅಕ್ಷರ ಕಾಣುವುದಿಲ್ಲ ಎಂದು ಗೊಣಗಿ ಕಪಾಟಿನ ಮೇಲಕ್ಕೆ ಸರಿಸಿದಳು.

ಮರುದಿನ ಎಂಟು ಗಂಟೆಗೆ ಛೋಟಾ ಹಾಥಿ ಬಾಗಿಲು ಹೊತ್ತುಕೊಂಡು ಬಂತು. ಯಾರೂ ಕರೆಯದಿದ್ದರೂ ಮಡೆಪ್ಪ ಬಂದು ನಿಂತಿದ್ದ. ಆಳುಗಳು ಒಂದೊಂದೇ ಬಾಗಿಲು ಇಳಿಸಿ ಗೋಡೆಗೆ ಆನಿಸುತ್ತಿದ್ದಂತೆ ಅವನು ಪ್ಲಾಸ್ಟಿಕ್ ಹಾಳೆ ಸರಿಸಿ, ಗುನಿಯಾ ಇಟ್ಟು ನಾಲ್ಕೂ ಮೂಲೆ ನೋಡಿದ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಸೊಟ್ಟ ಬಾಗಿಲು ಸಿಕ್ಕಿದ್ದರೆ ಸಾಕಾಗಿತ್ತು ಅವನಿಗೆ, ಒಂದೇ ಒಂದು. ಇಪ್ಪತ್ತು ಬಾಗಿಲುಗಳಿದ್ದವು. ಇಪ್ಪತ್ತನೆಯದನ್ನು ನೋಡಿ ಮುಗಿಸಿ, ಗುನಿಯಾ ಕೆಳಗಿಟ್ಟು, ತನ್ನ ಹಳೆಯ ಮೇಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಕಣ್ಣಿಂದ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಶಿವಕಾಂತ ಗಾಬರಿಯಾಗಿ ಓಡಿಬಂದ. "ಯಾವ ಬಾಗಲಾ ಸೊಟ್ಟ ಅದರಿ, ಮಾವಾರ? ಹೇಳ್ರಿ, ಇವತ್ತೇ ಹೊಳ್ಳಿ ಕಳಸ್ತೀನಿ."

"ಒಂದೂ ಇಲ್ರಿ ಅಳಿಯಾವ್ರ," ಅಂದ ಮಡೆಪ್ಪ. "ಎಲ್ಲಾ ನೆಟ್ಟಗವ."